ಮೇಲಿನಂತೆ

ಪಕ್ಕದ ಮನೆಯ ಏಸಿಯ ನೀರು ತೊಟ್ಟಿಕ್ಕುವ ಜಾಗದಲ್ಲಿ, ಬಾಲ್ಕನಿಯ ಗೋಡೆಯ ಮೇಲೆ, ಅಂಗೈಯಗಲ ಹಾವಸೆ ಬೆಳೆದಿತ್ತು. ನಿನ್ನೆ ಸಂಜೆಯಿಂದ ಈಶ್ವರಪ್ಪ ಅದಕ್ಕೆ ಬೆನ್ನು ಮಾಡಿಯೇ ಕೂರುತ್ತಿದ್ದ. ಇವತ್ತೂ ಕುರ್ಚಿ ತಿರುಗಿಸಿಕೊಂಡು ಕಾಫಿ ಕುಡಿಯುತ್ತ, ದೆಹಲಿಯ ದ್ವಾರಕಾದ ಆ ಸೊಸೈಟಿಯ ನಾಲ್ಕನೆಯ ಮಹಡಿಯಿಂದ, ಕೆಳಗೆ ಪಾರ್ಕಿನಲ್ಲಿ ಕೈ ಮೇಲೆತ್ತಿ ವ್ಯಾಯಾಮಕ್ಕೆಂದು ನಗುತ್ತಿದ್ದ ನಿವೃತ್ತರ ಗುಂಪನ್ನು ನೋಡಿದ. ಇನ್ನೆರಡು ವರ್ಷಕ್ಕೆ ತಾನೂ ಅಲ್ಲಿ ನಿಂತು ನಗಬೇಕಾದವನು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ದಿನ ದೂಡಿದರೆ ಸಾಕು ಎಂದುಕೊಂಡಿದ್ದವನು. ಈಗ ಆ ನಗು ತನ್ನನ್ನು ನೋಡಿಯೇ ನಗುವಂತೆ ಕೇಳಿಸಿತು. ಹೆಂಡತಿ ಇಂದಿರಮ್ಮ ಒದ್ದೆ ಬಟ್ಟೆ ಹರವುತ್ತ, “ಅದನ್ನ ಒಂದಿನ ಉಜ್ಜಿಸಿಬಿಡಬೇಕು ರೀ, ಗೋಡೆಯೆಲ್ಲ ಹಾಳಾಗುತ್ತೆ” ಎಂದಳು.

“ಯಾವುದನ್ನ?” ಎಂದ, ಗೊತ್ತಿದ್ದೂ.

“ಅದೇ, ನಿಮ್ಮ ಬೆನ್ನ ಹಿಂದೆ ಇದೆಯಲ್ಲ.”

ಬೆನ್ನು ಚುರ್ರೆಂದಿತು. ಅವಳ ಮಾತಿನಲ್ಲಿ ಏನೂ ಇರಲಿಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಕಚೇರಿಯ ವಿಷಯವನ್ನು ಮನೆಗೆ ತಂದವನಲ್ಲ ಅವನು. ಮನೆಯವರಿಗೆ ಗೊತ್ತಾಗಬಾರದ ವಿಷಯ ಕಚೇರಿಯಲ್ಲಿ ಇರಲೂ ಇಲ್ಲ, ಮೂರು ವರ್ಷದ ಹಿಂದಿನವರೆಗೆ. ಫರೀದಾಬಾದ್ ಕಡೆ ಒಂದು ವೆರಿಫಿಕೇಶನ್ ಬಾಕಿ ಇದೆ, ಈಗಲೇ ಹೋಗಿಬರುತ್ತೇನೆ ಎಂದ. ಶನಿವಾರ, ಈ ಜೂನ್ ಬಿಸಿಲಲ್ಲಿ, ಒಬ್ಬರೇ ಎಲ್ಲಿಗೆ ಹೋಗುತ್ತೀರಿ ಎಂದು ಇಂದಿರಮ್ಮ ಮಗಳನ್ನು ಎಬ್ಬಿಸಿದಳು. ಧಾರಿಣಿ ಕಾರು ಓಡಿಸಲಿ ಎಂದಳು. ಬೇಡ ಎನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ. ಕಾರಣ ಹುಡುಕುವ ಕೆಲಸದಲ್ಲಿ ನಿನ್ನೆ ರಾತ್ರಿಯೆಲ್ಲ ಸುಸ್ತಾಗಿದ್ದ.

ಅಳಿವಿನ ಅಂಚಿಗೆ ಬಂದ ಜೀವಗಳ ಮೇಲೆ ಕಣ್ಣಿಡುವುದು ಅವನ ಕಚೇರಿಯ ಕೆಲಸ. ಕಣ್ಣಿಡುವುದು ಎಂದರೆ ಫಾರಂ ತುಂಬುವುದು. ನಿನ್ನೆ ಮಧ್ಯಾಹ್ನ ಮೇಲಧಿಕಾರಿ ಭಟ್ನಾಗರ್ ಅವನನ್ನು ಕೋಣೆಗೆ ಕರೆದು, ಎಂದೂ ಇಲ್ಲದ ಹಾಗೆ ಕೂರಲು ಹೇಳಿ, ಚಹಾ ತರಿಸಿದ್ದರು. ಚಹಾ ಬಂದಾಗಲೇ ಅವನ ಎದೆ ಧಸಕ್ಕೆಂದಿತ್ತು. ಫರೀದಾಬಾದಿನಾಚೆ ಬೆಟ್ಟದಲ್ಲಿ ಹೊಸ ರಸ್ತೆ ಬರಲಿದೆ. ನಕ್ಷೆಯಲ್ಲಿ ಎರಡು ದಾರಿ. ಒಂದು, ಬಂಡೆಯ ಇಳಿಜಾರನ್ನು ಸಿಡಿಸಿಕೊಂಡು ಹೋಗುತ್ತದೆ. ಅಲ್ಲಿ ಒಂದು ಬಗೆಯ ಹಾವಸೆ ಇದೆ, ಆ ಬೆಟ್ಟಸಾಲಿನಲ್ಲಿ ಅದಕ್ಕೆ ಬೇರೆ ನೆಲೆಯಿಲ್ಲ. ಇನ್ನೊಂದು, ಕೆಳಗಿನ ತೋಪನ್ನು ಕಡಿದುಕೊಂಡು ಹೋಗುತ್ತದೆ. ಅಲ್ಲಿ ಮೊದಲ ಮಳೆಗೆ ಏಳುವ ಒಂದು ಅಣಬೆ ಇದೆ, ಅದೂ ಅಪರೂಪದ್ದೇ. ಎರಡರಲ್ಲಿ ಯಾವುದನ್ನು ಉಳಿಸಬೇಕು ಎಂದು ಹೋಲಿಸಿ ಬರೆದ ಟಿಪ್ಪಣಿ ಸೋಮವಾರ ಸಮಿತಿಯ ಮುಂದೆ ಇರಬೇಕು. “ಈಶ್ವರಪ್ಪಾಜೀ, ಆಪ್ ಕಾ ನಿಲ್ ಬಡಾ ಕಾಮ್ ಆಯಾ” ಎಂದು ಭಟ್ನಾಗರ್ ನಕ್ಕಿದ್ದರು. ನಿಮ್ಮ ‘ನಿಲ್’ ಬಹಳ ಉಪಯೋಗಕ್ಕೆ ಬಂತು. ಮೂರು ವರ್ಷದಿಂದ ಹಾವಸೆ ಕಂಡೇ ಇಲ್ಲ ಎಂದು ನೀವೇ ಬರೆದು ಸಹಿ ಮಾಡಿದ್ದೀರಿ, ಇಲ್ಲದ್ದನ್ನು ಉಳಿಸುವುದು ಹೇಗೆ, ಅಣಬೆಯ ತೋಪು ಉಳಿಯಲಿ, ರಸ್ತೆ ಬಂಡೆಯ ಮೇಲೆ ಹೋಗಲಿ. ಆಮೇಲೆ ಬಿಸ್ಕತ್ತಿನ ತಟ್ಟೆಯನ್ನು ಇವನ ಕಡೆ ಸರಿಸಿ, ಏನೋ ನೆನಪಾದವರಂತೆ, “ನೀವೇ ಖುದ್ದಾಗಿ ಹತ್ತಿದ್ದಿರಿ ತಾನೆ?” ಎಂದು ಕೇಳಿದ್ದರು. ಈಶ್ವರಪ್ಪ “ಜೀ ಸರ್” ಎಂದಿದ್ದ. ಬಿಸ್ಕತ್ತನ್ನೂ ತೆಗೆದುಕೊಂಡಿದ್ದ. ಅದು ಬಾಯಿಯಲ್ಲಿ ಕರಗದೆ ಬಹಳ ಹೊತ್ತು ಹಾಗೆಯೇ ಉಳಿದಿತ್ತು.

ಹತ್ತಿರಲಿಲ್ಲ. ಮೂರು ಡಿಸೆಂಬರಿನಲ್ಲೂ ಮೇಲಿನವರೆಗೆ ಹತ್ತಿರಲಿಲ್ಲ. ಚಳಿಗಾಲದ ಸಮೀಕ್ಷೆಯ ಫಾರಮಿನಲ್ಲಿ ಮೊದಲನೆಯ ಸಾಲು ಅಣಬೆಯದು, ಎರಡನೆಯದು ಹಾವಸೆಯದು. ಅಣಬೆಯ ಸಾಲಿನಲ್ಲಿ ‘ಕಂಡುಬಂದಿಲ್ಲ’ ಎಂದು ಬರೆಯುವುದರಲ್ಲಿ ಯಾವ ಸುಳ್ಳೂ ಇಲ್ಲ. ಅದು ವರ್ಷಕ್ಕೆ ನಾಲ್ಕು ದಿನ ತಲೆಯೆತ್ತಿ ಮುಖ ತೋರಿಸಿ ಹೋಗುವಂಥದ್ದು, ಉಳಿದ ಕಾಲವೆಲ್ಲ ಮಣ್ಣಿನೊಳಗೆ ದಾರದೆಳೆಯಾಗಿ ಮಲಗಿರುತ್ತದೆ. ಡಿಸೆಂಬರಿನಲ್ಲಿ ಕಾಣಲಿಲ್ಲ ಎಂದರೆ ನಿದ್ದೆಯಲ್ಲಿದೆ ಎಂದಷ್ಟೇ ಅರ್ಥ. ಅದರ ಕೆಳಗಿನ ಸಾಲಿಗೆ ಬಂದಾಗ ಅವನ ಪೆನ್ನು, ಇಡೀ ಸರ್ಕಾರವೇ ಕಲಿಸಿಕೊಟ್ಟ ಅಭ್ಯಾಸದಿಂದ, ಎರಡು ಪುಟ್ಟ ಗೀಟು ಎಳೆದು ಮುಂದೆ ಹೋಗಿತ್ತು. ಡಿಟ್ಟೋ. ಮೇಲಿನಂತೆ. ಆದರೆ ಹಾವಸೆ ಮೇಲಿನಂತೆ ಅಲ್ಲ. ಹಾವಸೆಗೆ ಅಡಗಿ ಕೂರಲು ಮಣ್ಣಿನ ಒಳಮನೆಯಿಲ್ಲ, ಇರುವುದೆಲ್ಲ ಕಲ್ಲಿನ ಮೇಲೆಯೇ ಇರುತ್ತದೆ. ಅದು ಕಾಣಲಿಲ್ಲ ಎಂದರೆ ಸತ್ತುಹೋಗಿದೆ ಎಂದೇ ಓದುತ್ತಾರೆ. ಅಣಬೆಯ ನಿದ್ದೆಯನ್ನು ತಾನು ಎರಡು ಗೀಟಿನಲ್ಲಿ ಹಾವಸೆಯ ಸಾವು ಮಾಡಿದ್ದೇನೆ ಎಂಬುದು ಈಶ್ವರಪ್ಪನಿಗೆ ಮೊದಲನೆಯ ವರ್ಷವೇ, ಬೆಟ್ಟದ ಬುಡದ ಚಹಾದಂಗಡಿಯ ಬೆಂಚಿನ ಮೇಲೆ, ಫಾರಮಿನ ಶಾಯಿ ಆರುವ ಮೊದಲೇ ಹೊಳೆದಿತ್ತು. ಮುಂದಿನ ಸಲ ಸರಿಮಾಡೋಣ ಎಂದುಕೊಂಡಿದ್ದ. ಮುಂದಿನ ಸಲ ಸರಿಮಾಡಿದರೆ ಹಿಂದಿನ ಸಲ ಏನಾಗಿತ್ತು ಎಂದು ಕೇಳುತ್ತಾರಲ್ಲ ಎಂಬ ಹೆದರಿಕೆಯಲ್ಲಿ ಎರಡನೆಯ ವರ್ಷ ಕಳೆಯಿತು. ಮೂರನೆಯ ವರ್ಷ ಹೆದರಿಕೆಯೂ ಅಭ್ಯಾಸವಾಗಿತ್ತು.

“ಅಪ್ಪ, ಏಸಿ ಜಾಸ್ತಿ ಮಾಡ್ಲಾ? ಪಸೀನಾ ಬರ್ತಾ ಇದೆ ನಿಂಗೆ” ಎಂದಳು ಧಾರಿಣಿ. ಕಾರು ಮಹಿಪಾಲಪುರದ ಗದ್ದಲ ದಾಟಿತ್ತು. ಅವಳಿಗೆ ಇಪ್ಪತ್ತನಾಲ್ಕು, ಹುಟ್ಟಿ ಬೆಳೆದದ್ದೆಲ್ಲ ದೆಹಲಿ, ಇಂದಿರಾಪುರಂನಲ್ಲಿ ಕೆಲಸ. ಕನ್ನಡ ಅವಳ ಬಾಯಲ್ಲಿ ಹಿಂದಿಯ ಕೈ ಹಿಡಿದೇ ನಡೆಯುತ್ತಿತ್ತು. ಫೋನಿನಲ್ಲಿ ದಾರಿ ನೋಡಿಕೊಂಡು ಓಡಿಸುತ್ತಿದ್ದಳು. “ಏನು ಚೆಕ್ ಮಾಡ್ಬೇಕು ಅಲ್ಲಿ?”

“ಒಂದು ಹಾವಸೆ.”

“ಹಾವಸೆ ಅಂದ್ರೆ? ಕಾಈ?”

“ಹೂಂ, ಕಾಈ.”

“ಅದು ಎಲ್ಲ ಕಡೆ ಇರತ್ತಲ್ಲ. ನಮ್ಮ ಬಾಲ್ಕನೀಲೂ ಇದೆ.”

ಅದು ಬೇರೆ, ಇದು ಬೇರೆ ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಅಣಬೆಗಾದರೆ ಈ ವಿವರಣೆಯೇ ಬೇಕಿಲ್ಲ. ಭಟ್ನಾಗರ್ ಅದರ ಮೇಲೆ ನಲವತ್ತು ಸ್ಲೈಡು ಮಾಡಿಟ್ಟುಕೊಂಡಿದ್ದರು. ಶಾಲೆಯ ಮಕ್ಕಳು ಅದರ ಚಿತ್ರ ಬರೆದು ಬಹುಮಾನ ಪಡೆದಿದ್ದರು. ಹಳ್ಳಿಯವರು ಮಳೆ ಬಿದ್ದ ಮರುದಿನ ಅದನ್ನು ಹುಡುಕಿ ತಂದು ಪಲ್ಯ ಮಾಡಿ ತಿನ್ನುತ್ತಾರೆ. ತಿಂದು ತಿಂದೇ ಅದು ಅಪರೂಪವಾಯಿತು, ತಿನ್ನುವವರಿಗೇ ಅದರ ಮೇಲೆ ಪ್ರೀತಿ. ಹಾವಸೆಯನ್ನು ಯಾರೂ ತಿನ್ನುವುದಿಲ್ಲ, ಮುಡಿಯುವುದಿಲ್ಲ. ಕೆರೆಯ ಪಾಚಿಗೂ ಅದಕ್ಕೂ ಹಿಂದಿಯಲ್ಲಿ ಒಂದೇ ಹೆಸರು. ಸಮಿತಿಯಲ್ಲಿ ಮೊದಲ ಪ್ರಶ್ನೆಯೇ, ಇದರ ಉಪಯೋಗವೇನು ಎಂಬುದು. ಕಾಲೇಜಿಗೆ ಸೇರಿದ ವರ್ಷ, ಚಿತ್ರದುರ್ಗದ ಮನೆಯ ಬಚ್ಚಲಿನಲ್ಲಿ ಇಟ್ಟಿಗೆ ಚೂರು ಹಿಡಿದು ಕಲ್ಲು ಉಜ್ಜುತ್ತಿದ್ದ ಅವ್ವ, “ಜನ ಉಜ್ಜಿ ಬಿಸಾಕೋದನ್ನ ನೀನು ಕಾಲೇಜಿಗೆ ಹೋಗಿ ಓದ್ತೀಯಾ?” ಎಂದು ಕೇಳಿ ಮನಸಾರೆ ನಕ್ಕಿದ್ದಳು. ಆಮೇಲೆ ಗಂಭೀರವಾಗಿ, ಜಾರುತ್ತೆ ನೋಡು, ಹುಷಾರು ಎಂದಿದ್ದಳು. ಅವ್ವನ ಭಯ ಯಾವಾಗಲೂ ಜಾರುವುದರ ಬಗ್ಗೆ.

ಜಾರಿದ್ದ. ಹನ್ನೊಂದು ವರ್ಷದ ಹಿಂದೆ ಆ ಬಂಡೆಯ ಸಂದಿಯಲ್ಲಿ ಆ ಹಾವಸೆಯನ್ನು ಮೊದಲು ಗುರುತಿಸಿ, ಅಂದು ಸಂಜೆ ಮನೆಗೆ ಮಿಠಾಯಿ ತಂದವನು, ಮೂರು ವರ್ಷದ ಹಿಂದಿನ ಸಮೀಕ್ಷೆಯಲ್ಲಿ ಅರ್ಧ ಇಳಿಜಾರು ಹತ್ತಿದ್ದಾಗ ಕಾಲು ಜಾರಿ ಎರಡಾಳು ಕೆಳಕ್ಕೆ ಉರುಳಿದ್ದ. ಏಟು ದೊಡ್ಡದೇನೂ ಆಗಿರಲಿಲ್ಲ. ಆದರೆ ಎದ್ದು ನಿಲ್ಲಲು ಹೋದಾಗ ಮೊಣಕಾಲು ತನ್ನದಲ್ಲವೆಂಬಂತೆ ಗಡಗಡ ನಡುಗಿ, ಅವನು ನಾಲ್ಕೂ ಕಾಲಿನ ಮೇಲೆ, ಎಂದರೆ ಕೈ ಮತ್ತು ಮಂಡಿಯೂರಿಕೊಂಡು, ಹಿಂದು ಹಿಂದಕ್ಕೆ ತೆವಳಿ ಇಳಿಯಬೇಕಾಗಿ ಬಂತು. ಕೆಳಗೆ ಆಡು ಮೇಯಿಸುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಜೊತೆಗೆ ಬಂದಿದ್ದ ಕಿರಿಯ ಸಹಾಯಕ ಕಾರ್ತಿಕ್ ನಗದೆ, ಬಹಳ ಮರ್ಯಾದೆಯಿಂದ ಬೇರೆ ಕಡೆ ನೋಡಿದ. ಆ ಮರ್ಯಾದೆ ಇವತ್ತಿಗೂ ಚುಚ್ಚುತ್ತದೆ. ಮೇಲೆ ನಾನು ಹೋಗಿ ನೋಡಿಬರಲಾ ಸರ್ ಎಂದು ಅವನು ಕೇಳಿದಾಗ, ಬೇಡ, ನಾನು ಇಲ್ಲಿಂದಲೇ ನೋಡಿದೆ, ಏನೂ ಇಲ್ಲ ಎಂದುಬಿಟ್ಟಿದ್ದ. ಒಂದು ವಾಕ್ಯ. ಅದಾದ ಮೇಲಿನ ವರ್ಷಗಳಲ್ಲಿ ಒಬ್ಬನೇ ಬಂದು, ಚಹಾ ಕುಡಿದು, ಗೀಟೆಳೆದು ಹೋಗಿದ್ದ.

ಇವತ್ತು ಯಾಕೆ ಬಂದೆ ಎಂದು ತನ್ನನ್ನು ತಾನೇ ಕೇಳಿಕೊಂಡರೆ ಉತ್ತರ ಇತ್ತು, ಅದನ್ನು ನೇರವಾಗಿ ನೋಡಲು ಮಾತ್ರ ಧೈರ್ಯವಿರಲಿಲ್ಲ. ಹಾವಸೆ ಇದೆಯೋ ಎಂದು ನೋಡಲು ಅವನು ಬಂದಿರಲಿಲ್ಲ. ಅದು ನಿಜವಾಗಿಯೂ ಸತ್ತಿರಲಿ ಎಂದು ಹಾರೈಸಿಕೊಂಡು ಬಂದಿದ್ದ. ಸತ್ತಿದ್ದರೆ ತನ್ನ ಮೂರು ವರ್ಷದ ಸುಳ್ಳು ಈ ಬೆಳಿಗ್ಗೆಯಿಂದ ನಿಜವಾಗುತ್ತದೆ, ಸೋಮವಾರ ನೆಟ್ಟಗೆ ಕೂರಬಹುದು. ಜೀವಮಾನವೆಲ್ಲ ಇದರ ಹೆಸರಿನಲ್ಲಿ ಅನ್ನ ತಿಂದವನು ಇದರ ಸಾವನ್ನು ಬೇಡಿಕೊಳ್ಳುತ್ತಿದ್ದೇನಲ್ಲ ಎಂದು ಅನ್ನಿಸಿದಾಗ ಕಾರಿನೊಳಗಿನ ತಣ್ಣನೆಯ ಗಾಳಿಯಲ್ಲೂ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಮಗಳು ಯಾವುದೋ ಹಾಡು ಗುನುಗುತ್ತಿದ್ದಳು. ಭಟ್ನಾಗರಿಗೆ ಗೊತ್ತಾದರೆ ಒಂದು ಮೆಮೊ, ಒಂದು ವಿಚಾರಣೆ, ಕಾರಿಡಾರಿನಲ್ಲಿ ನಾಲ್ಕು ಜನರ ಪಿಸುಮಾತು. ಇವಳಿಗೆ ಗೊತ್ತಾದರೆ ಏನು ಎಂಬುದನ್ನು ಅವನು ಊಹಿಸಲಾರ. ಶಾಲೆಯಲ್ಲಿ ‘ಮೈ ಫಾದರ್’ ಎಂದು ಪ್ರಬಂಧ ಬರೆದಾಗ, ನನ್ನ ಅಪ್ಪ ಗಿಡಗಳನ್ನು ಸಾಯದ ಹಾಗೆ ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದ ಹುಡುಗಿ ಅವಳು.

ಬುಡದಲ್ಲಿ ಕಾರು ನಿಲ್ಲಿಸಿ ಇಳಿದಾಗ ಬಿಸಿಲು ಮುಖಕ್ಕೆ ರಾಚಿತು. ಧಾರಿಣಿಯ ಫೋನು ದಾರಿ ತೋರಿಸಿ ತೋರಿಸಿ ಸತ್ತಿತ್ತು. ಅದನ್ನು ಕಾರಿನಲ್ಲೇ ಚಾರ್ಜಿಗೆ ಹಾಕಿ, ಅಪ್ಪನ ಫೋನನ್ನೂ ನೀರಿನ ಬಾಟಲಿಯನ್ನೂ ತಾನೇ ಹಿಡಿದುಕೊಂಡು, “ಚಲೋ” ಎಂದು ಹತ್ತತೊಡಗಿದಳು. ಅವಳು ಬಂಡೆಯಿಂದ ಬಂಡೆಗೆ ಹೆಜ್ಜೆ ಹಾಕುವುದನ್ನು ನೋಡುತ್ತ ಅವನು ನಿಧಾನವಾಗಿ ಹಿಂಬಾಲಿಸಿದ. ಒಣಗಿದ ಹುಲ್ಲು, ಮುಳ್ಳು, ಕಾದ ಕಲ್ಲು. ಜಾರಲು ಇಲ್ಲಿ ಒಂದು ಹನಿ ನೀರೂ ಇಲ್ಲ ಎಂದು ಬುದ್ಧಿ ಹೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಬಿದ್ದ ಜಾಗ ಬಂದಾಗ ಅದು ಎಷ್ಟು ಸಾಧಾರಣವಾದ ಜಾಗವಾಗಿತ್ತೆಂದರೆ ಅವನಿಗೆ ಅವಮಾನವಾಯಿತು. ಇಷ್ಟಕ್ಕೆ? ಆದರೂ ಕೈಯೂರಿಯೇ ದಾಟಿದ. ಮೇಲಿನಿಂದ ಧಾರಿಣಿ ಕೈ ಚಾಚಿದಳು. ಅವಳ ಅಂಗೈ ಒಣಗಿತ್ತು, ಗಟ್ಟಿಯಾಗಿತ್ತು. ಚಿಕ್ಕಂದಿನಲ್ಲಿ ತಾನು ಹಿಡಿದು ರಸ್ತೆ ದಾಟಿಸಿದ್ದ ಕೈ ಅದೇ ಎಂದು ನಂಬುವುದು ಕಷ್ಟವಾಯಿತು.

ಉತ್ತರಕ್ಕೆ ಮುಖ ಮಾಡಿದ ದೊಡ್ಡ ಬಂಡೆ, ಅದರ ಸೀಳು, ಸೀಳಿನೊಳಗೆ ನೆರಳು. ಈಶ್ವರಪ್ಪ ಬಗ್ಗಿ ನೋಡಿದ. ಕಲ್ಲಿನ ಮೇಲೆ ಸುಟ್ಟ ರೊಟ್ಟಿಯ ಹಕ್ಕಳೆಯಂತೆ ಕಪ್ಪನೆಯ ಪುಡಿಪುಡಿ ಪದರ. ಹಸಿರೆಂಬುದು ಹೆಸರಿಗೂ ಇಲ್ಲ. ಎದೆಯೊಳಗಿನ ಗಂಟು ಒಮ್ಮೆಲೇ ಸಡಿಲವಾಗಿ ಉಸಿರು ಉದ್ದಕ್ಕೆ ಹೊರಗೆ ಬಂತು. ಆ ಉಸಿರಿನ ಸದ್ದಿಗೆ ತಾನೇ ನಾಚಿದ. “ಹೋಗಿದೆ” ಎಂದ. “ನಡಿ, ಇಳಿಯೋಣ.”

“ಇದೇನಾ? ಬರ್ನ್ ಆಗಿರೋ ಥರ ಇದೆ. ಸತ್ತೋಗಿದೆ ಅಂತ ಹೇಗೆ ಗೊತ್ತಾಗತ್ತೆ ಅಪ್ಪ?”

“ಜೀವ ಇದ್ದರೆ ನೀರು ಬಿದ್ದ ಎರಡು ನಿಮಿಷಕ್ಕೆ ಎಲೆ ಬಿಚ್ಚಿ ಹಸಿರಾಗುತ್ತೆ. ಒಣಗಿದಾಗ ಸತ್ತ ಹಾಗೇ ಇರುತ್ತೆ, ಅದರ ಗುಣ ಅದು” ಎಂದ. ಮೂವತ್ತು ವರ್ಷ ಹೊಸಬರಿಗೆ ಹೇಳಿಕೊಟ್ಟ ಪಾಠ ನಾಲಿಗೆಯಿಂದ ತಾನಾಗಿ ಇಳಿದುಹೋಗಿತ್ತು. ಹೇಳಿ ಮುಗಿಸಿದ ಮೇಲೆ ಏನು ಹೇಳಿದೆನೆಂದು ತಿಳಿಯಿತು. ಅಷ್ಟರಲ್ಲಿ ಅವಳು ಬಾಟಲಿಯ ಮುಚ್ಚಳ ತಿರುಗಿಸಿ, ಬೇಡ ಎನ್ನುವುದರೊಳಗೆ, ಕುಡಿಯುವ ನೀರನ್ನು ಬಂಡೆಯ ಮೇಲೆ ಸುರಿದಿದ್ದಳು.

ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಕಾದರು. ಕಾದ ಕಲ್ಲು ಮೊದಲು ನೀರು ಕುಡಿದು ಕಪ್ಪಗಾಯಿತು. ಒಂದು ನಿಮಿಷವಾಯಿತು. ಏನೂ ಇಲ್ಲ. ದೇವರೇ ಹೀಗೇ ಇರಲಿ, ಇನ್ನೊಂದು ನಿಮಿಷ ಹೀಗೇ ಇರಲಿ ಎಂದು ಅವನು ಒಳಗೊಳಗೇ ಜಪಿಸುತ್ತಿದ್ದ. ಮೊದಲು ಒಂದು ಮೂಲೆಯಲ್ಲಿ ಏನೋ ಸರಿದಂತಾಯಿತು. ಸಂಜೆ ಮುದುಡಿದ್ದ ಬೆರಳನ್ನು ನಿದ್ದೆಯಲ್ಲಿ ಕೂಸು ಬಿಡಿಸುವ ಹಾಗೆ, ಕೂದಲೆಳೆಯಷ್ಟು ಸಣ್ಣ ಎಲೆಗಳು ಒಂದೊಂದಾಗಿ ಹಿಂದಕ್ಕೆ ಬಾಗಿದವು. ಕಪ್ಪು ಕಂದಾಯಿತು, ಕಂದಿನೊಳಗಿಂದ ಹಸಿರು ಬಂತು, ನೋಡುತ್ತಿದ್ದಂತೆ ಅಂಗೈಯಗಲ, ಮೊಳದಗಲ, ನೀರು ಹರಿದ ಉದ್ದಕ್ಕೂ. ಹನ್ನೊಂದು ವರ್ಷದ ಹಿಂದೆ ಕಂಡ ಅದೇ ಹಸಿರು. ಮೂರು ವರ್ಷವೂ ಇಲ್ಲೇ ಇತ್ತು. ಅವನು ಕೆಳಗೆ ಚಹಾ ಕುಡಿಯುತ್ತಿದ್ದಾಗ ಇಲ್ಲೇ ಇತ್ತು. “ವಾವ್” ಎಂದು ಧಾರಿಣಿ ಮೆಲ್ಲಗೆ ಅಂದಳು. ಈಶ್ವರಪ್ಪನಿಗೆ ಕಂಡದ್ದು ಸಮಿತಿಯ ಉದ್ದನೆಯ ಮೇಜು, ಅದರ ಸುತ್ತ ತನ್ನ ಕಡೆಗೇ ತಿರುಗಿದ ಮುಖಗಳು. ಅವನು ಎದ್ದು ನಿಂತ. ಬಲಗಾಲಿನ ಬೂಟು ಮುಂದೆ ಸರಿದು, ತುದಿಯಲ್ಲಿದ್ದ ಒಂದಿಷ್ಟು ಹಸಿರಿನ ಮೇಲೆ ಬಂದು, ಒತ್ತಿ, ಒಮ್ಮೆ ಉಜ್ಜಿತು. ಬೂಟಿನ ತುದಿಗೆ ಅದು ಒದ್ದೆಯಾಗಿ ಮೆತ್ತಿಕೊಂಡಿತು. ತನ್ನ ಕಾಲು ಎಂದು ಗೊತ್ತಾದ ಕೂಡಲೇ ಬೆಚ್ಚಿ ಹಿಂದಕ್ಕೆ ತೆಗೆದುಕೊಂಡ. ನಾನು ಕೊಲ್ಲಬಲ್ಲೆ ಎಂದುಕೊಂಡ. ಯಾರೂ ಹೇಳದೆ, ಹಗಲು ಹೊತ್ತಿನಲ್ಲಿ, ಮಗಳ ಎದುರಿಗೆ. ರಸ್ತೆಗಿಂತ, ಭಟ್ನಾಗರಿಗಿಂತ ಈಗ ಅವನಿಗೆ ಆ ಕಾಲಿನ ಮೇಲೆ ಹೆಚ್ಚು ಭಯವಾಯಿತು.

ಧಾರಿಣಿ ನೋಡಿರಲಿಲ್ಲ. ಅವಳು ಅಪ್ಪನ ಫೋನಿನಲ್ಲಿ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದಳು. ಹತ್ತಿರದಿಂದ ಒಂದು, ದೂರದಿಂದ ಒಂದು. “ಮಸ್ತ್ ಬಂದಿದೆ. ಅಪ್ಪ, ಭಟ್ನಾಗರ್ ಅಂಕಲ್ ಮೆಸೇಜ್ ಬಂದಿದೆ ನೋಡು. ‘ನೋಟ್ ಫೈನಲ್ ಕರ್ ದೂಂ?’ ಅಂತ. ಈ ಫೋಟೋ ಏನ್ ಮಾಡ್ಲಿ?”

“ಅಳಿಸು” ಎಂದ ಈಶ್ವರಪ್ಪ. “ಅಳಿಸು ಅದನ್ನ. ಬೇಗ.”

“ಓಕೆ” ಎಂದಳು. ಹೆಬ್ಬೆರಳು ಎರಡು ಸಲ ಆಡಿತು. “ಹೋಯ್ತು.”

“ಎಲ್ಲಿಗೆ ಹೋಯ್ತು?”

“ಅಂಕಲ್‌ಗೆ. ನೀನೇ ಹೇಳಿದೆಯಲ್ಲ, ಕಳಿಸು ಅಂತ.”

ಅವನು ಅವಳನ್ನೇ ನೋಡಿದ. ಅವಳ ಮುಖದಲ್ಲಿ ಯಾವ ಕಪಟವೂ ಇರಲಿಲ್ಲ. ಮನೆಯಲ್ಲಿ ಅಳಿಸು ಎಂದು ಯಾರು ಯಾವಾಗ ಅಂದಿದ್ದಾರೆ? ಅಳಿಸುವುದು ಸ್ಲೇಟಿನ ಕಾಲದ ಮಾತು, ಅವನ ಬಳಪದ ಕಾಲದ್ದು. ಹೆದರಿಕೆಯಲ್ಲಿ ಎಲ್ಲಿಂದಲೋ ಎದ್ದು ಬಂದಿತ್ತು. ಮನೆಯಲ್ಲಿ ಎಲ್ಲರೂ ಅನ್ನುವುದು ಡಿಲೀಟ್ ಮಾಡು. ಕಳಿಸು ಎಂಬುದೊಂದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಮಾತು, ಊಟದ ಫೋಟೋ ಕಳಿಸು, ತಲುಪಿದ ಮೇಲೆ ಮೆಸೇಜ್ ಕಳಿಸು ಎಂದು ಅಮ್ಮ ದಿನಾ ಹೇಳುತ್ತಿದ್ದುದರಿಂದ. ಒಂದು ಅಕ್ಷರ. ಅವಳಿಗೆ ಕನ್ನಡ ಸರಿಯಾಗಿ ಕಲಿಸಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಂಡು ಮುಂದಕ್ಕೆ ಹಾಕಿದ್ದ. ಕೊಡು ಎಂದು ಫೋನಿಗೆ ಕೈ ಚಾಚಿದ, ವಾಪಸು ತೆಗೆಯಲು ಇನ್ನೂ ಸಮಯವಿದೆ ಎಂದು ತೋರಿತು. ಅದು ಕೈಗೆ ಬರುವುದಕ್ಕೂ ರಿಂಗಾಗುವುದಕ್ಕೂ ಸರಿಹೋಯಿತು.

“ಈಶ್ವರಪ್ಪಾಜೀ” ಎಂದರು ಭಟ್ನಾಗರ್ ಹಿಂದಿಯಲ್ಲಿ, ಸಿಟ್ಟಿಲ್ಲದೆ, ಬಹಳ ಸಮಾಧಾನವಾಗಿ. “ಇದೇನು ಫೋಟೋ?”

ಅವನು ಬೂಟಿನ ತುದಿಗೆ ಮೆತ್ತಿದ್ದ ಹಸಿರನ್ನು ನೋಡಿದ.

“ಹಳೇದು ತಾನೆ?” ಎಂದರು. ಉತ್ತರ ಬಾರದಿರಲು ದನಿಯನ್ನು ಇನ್ನೂ ಮೃದು ಮಾಡಿ ಹೇಳಿದರು, “ಹಳೇ ಫೋಟೋ ತಪ್ಪಿ ಬಂದಿದೆ, ಅಲ್ವಾ? ಹಾಗಿದ್ದರೆ ಹಾಗೇ ಹೇಳಿಬಿಡಿ. ನಾನು ನೋಟ್ ಮುಗಿಸಿಬಿಡುತ್ತೇನೆ.”

ಜೀ ಎಂದರೆ ಮುಗಿಯಿತು. ಒಂದು ಅಕ್ಷರದಷ್ಟೇ ಕೆಲಸ. ಅದನ್ನು ಹೇಳಲು ನಾಲಿಗೆ ಆಗಲೇ ಹಲ್ಲಿನ ಹಿಂದೆ ಹೋಗಿ ಕಾದು ನಿಂತಿತ್ತು. ಧಾರಿಣಿ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅಂಗೈಗೆ ಹಾಕಿಕೊಂಡು, ನೀರು ತಲುಪದಿದ್ದ ಕಡೆಗೆ ಹನಿಹನಿಯಾಗಿ ಚಿಮುಕಿಸುತ್ತಿದ್ದಳು. ಅವಳ ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಇಳಿಯುವವರೆಗೆ ಕುಡಿಯಲು ಇನ್ನು ನೀರಿಲ್ಲ ಎಂಬುದು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ. ಈಶ್ವರಪ್ಪ ಬಂಡೆಗೆ ಕೈಯೂರಿ ನಿಂತ.

“ಇವತ್ತಿನದು ಸರ್” ಎಂದ.

ಭಟ್ನಾಗರ್ ಕೇಳಿದರು, “ಮತ್ತೆ ಮೂರು ವರ್ಷದಿಂದ ನೀವು ಹತ್ತಿ ನೋಡಿದ್ದಿರಲ್ಲ?”

“ಮೂರು ವರ್ಷದಲ್ಲಿ ಮೇಲಿನವರೆಗೆ ಹತ್ತಿದ್ದು ಇವತ್ತೇ ಮೊದಲು, ಸರ್. ನೋಡದೇ ಬರೆದಿದ್ದೆ.”

ಚಿಮುಕಿಸುತ್ತಿದ್ದ ಕೈ ನಿಂತಿತು. ಅವನು ಇದನ್ನೆಲ್ಲ ಹಿಂದಿಯಲ್ಲಿ ಹೇಳಿದ್ದ. ಧಾರಿಣಿಗೆ ಹಿಂದಿ ಚೆನ್ನಾಗಿ ಬರುತ್ತದೆ.